ರಾಷ್ಟ್ರೀಯ ಪಾನೀಯ ಯಾರದು?

(ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನದ ವಿಷಯ ಏನೆಂದು ಕೇಳಿ ಕೆಲವರು ನಕ್ಕರು. ತುಟ್ಟಿಭತ್ತೆಯ ಮಾತಿಲ್ಲ, ಬೋನಸ್ಸಿನ ಮಾತಿಲ್ಲ, ಅಂಗಡಿಕಾರರ ತೆರಿಗೆಯ ಮಾತಿಲ್ಲ, ಚಹದ ಮೇಲೆ ಭಾಷಣವಂತೆ! ನಗಲಿ. ಆದರೆ ಪಾಳಿ ಬಿಟ್ಟೊಡನೆ ನಮ್ಮ ಕಾಲು ತಾನಾಗಿ ಎತ್ತ ಹೋಗುತ್ತದೆ? ಅಂಗಡಿಗೆ ಬಂದ ಗಿರಾಕಿಯನ್ನು ಕೂಡಿಸಿ ಹುಡುಗನನ್ನು ಏನು ತರಲು ಓಡಿಸುತ್ತೇವೆ? ಸಾಲ ಕೇಳುವವನಿಗೂ ಚಹ, ಸಾಲ ವಸೂಲಿಗೆ ಬಂದವನಿಗೂ ಚಹ. ಇಷ್ಟು ಹತ್ತಿರದ ವಸ್ತು ಎಲ್ಲಿಂದ ಬಂತು, ಯಾರು ತಂದರು, ಅದಕ್ಕೆ ಯಾರು ಏನು ತೆತ್ತರು ಎಂದು ಒಂದು ತಾಸು ಕುಳಿತು ವಿಚಾರ ಮಾಡಿದರೆ ನಷ್ಟವೇನೂ ಆಗದು.

ವಿಚಾರಕ್ಕೆ ಕಾರಣವೂ ಇದೆ. 2012ರ ಏಪ್ರಿಲ್ ತಿಂಗಳಲ್ಲಿ ಅಸ್ಸಾಮಿನ ಜೋರ್ಹಾಟದಲ್ಲಿ ಚಹ ತೋಟಗಳ ಮಾಲಿಕರ ಸಂಘದವರು ತಮ್ಮ ಎಪ್ಪತ್ತೈದನೆಯ ವರ್ಷದ ಉತ್ಸವ ಮಾಡಿದರು. ಅಂದಿನ ಯೋಜನಾ ಆಯೋಗದ ಉಪಾಧ್ಯಕ್ಷ ಮೊಂಟೇಕ್ ಸಿಂಗ್ ಅಹ್ಲುವಾಲಿಯಾ ಅವರು ಅಲ್ಲಿಗೆ ಹೋಗಿ, ಮುಂದಿನ ವರ್ಷದ ಏಪ್ರಿಲ್ 17ರೊಳಗೆ ಚಹವನ್ನು ರಾಷ್ಟ್ರೀಯ ಪಾನೀಯವೆಂದು ಸಾರಲಾಗುವುದು ಎಂದು ಹೇಳಿದರು. ಗುಜರಾತಿನ ಹಾಲಿನ ಸಹಕಾರಿಗಳು, ರಾಷ್ಟ್ರೀಯ ಪಾನೀಯ ಎನ್ನುವುದಾದರೆ ಅದು ಹಾಲೇ ಆಗಬೇಕು ಎಂದು ತಕರಾರು ತೆಗೆದವು. ಆ ಏಪ್ರಿಲ್ ಬಂತು, ಹೋಯಿತು. ಘೋಷಣೆ ಆಗಲಿಲ್ಲ. ಆಗದಿದ್ದುದರಿಂದ ಯಾರೂ ಚಹ ಕುಡಿಯುವುದನ್ನು ಬಿಡಲಿಲ್ಲ. ಆದರೆ ಅವರು ಆರಿಸಿದ ಆ ತಾರೀಖು ಮಣಿರಾಮ್ ದೇವಾನರ ಜನ್ಮದಿನ. ಮಣಿರಾಮರು ಯಾರೆಂಬುದನ್ನು ಮುಂದೆ ಹೇಳುತ್ತೇವೆ. ಅವರ ಹೆಸರನ್ನು ತೋಟದ ಮಾಲಿಕರ ಉತ್ಸವದಲ್ಲಿ ಎತ್ತಿದ್ದು ನಮಗೆ ವಿಚಿತ್ರವಾಗಿ ತೋರಿತು.

ಪ್ರತಿಯೊಂದು ದೇಶವೂ ಒಂದು ಪಾನೀಯವನ್ನು ತನ್ನದೆಂದು ಎದೆಗಪ್ಪಿಕೊಂಡಿರುತ್ತದೆ. ರಷ್ಯದವರಿಗೆ ಚಹ ಮತ್ತು ಅದನ್ನು ಕಾಯಿಸುವ ಸಮೋವಾರ. ಆದರೆ ಆ ಚಹದ ಸೊಪ್ಪು ಬರುತ್ತಿದ್ದುದು ಚೀನದಿಂದ, ಒಂಟೆಗಳ ಮೇಲೆ. ತುರ್ಕರ ಸಂಗತಿ ಇನ್ನೂ ಸೊಗಸಾಗಿದೆ. ಲೋಕವೆಲ್ಲ 'ತುರ್ಕಿ ಕಾಫಿ' ಎನ್ನುತ್ತದೆ. ತುರ್ಕಸ್ಥಾನಕ್ಕೆ ಹೋದರೆ ಜನ ಹಗಲೆಲ್ಲ ಕುಡಿಯುವುದು ಚಹ! ಹಳೆಯ ಸಾಮ್ರಾಜ್ಯ ಮುರಿದು ಬಿತ್ತು, ಕಾಫಿ ಬೆಳೆಯುವ ಯೆಮನ್ ಕೈಬಿಟ್ಟಿತು. ಕಾಫಿ ಕೊಳ್ಳಬೇಕಾದರೆ ಪರದೇಶದ ನಾಣ್ಯ ತೆರಬೇಕಾಯಿತು. ಆಗ ಅಲ್ಲಿಯ ಗಣರಾಜ್ಯ ಸರಕಾರ ಕಪ್ಪು ಸಮುದ್ರದ ದಂಡೆಯ ರಿಜೆ ಎಂಬ ಸೀಮೆಯಲ್ಲಿ ಜಾರ್ಜಿಯದಿಂದ ಬೀಜ ತರಿಸಿ ಚಹ ಬೆಳೆಸಿತು. 1947ರಲ್ಲಿ ಅಲ್ಲಿ ಮೊದಲ ದೊಡ್ಡ ಕಾರ್ಖಾನೆ ಆಯಿತು. ಒಂದೇ ತಲೆಮಾರಿನಲ್ಲಿ ಒಂದು ಜನಾಂಗದ 'ಅನಾದಿಕಾಲದ' ಅಭ್ಯಾಸ ಬದಲಾಯಿತು. ಆದ್ದರಿಂದ ಸಂಸ್ಕೃತಿ, ಪರಂಪರೆ ಎಂದು ಯಾರಾದರೂ ದೊಡ್ಡ ದನಿಯಲ್ಲಿ ಹೇಳಿದರೆ, ಎಷ್ಟು ವರ್ಷದ್ದು ಎಂದು ಮೆಲ್ಲಗೆ ಕೇಳಿ ನೋಡಿರಿ.

ದಕ್ಷಿಣ ಅಮೇರಿಕದ ಅರ್ಜೆಂಟೀನ ದೇಶದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿಯವರು ಮಾತೆ ಎಂಬ ಸೊಪ್ಪಿನ ಕಷಾಯ ಕುಡಿಯುತ್ತಾರೆ. ಒಣಗಿದ ಸೋರೆಬುರುಡೆಯಲ್ಲಿ ಸೊಪ್ಪು ತುಂಬಿ, ಬಿಸಿನೀರು ಹೊಯ್ದು, ಲೋಹದ ಕೊಳವೆಯಿಂದ ಹೀರುತ್ತಾರೆ. ಬುರುಡೆ ಒಂದೇ, ಕೊಳವೆಯೂ ಒಂದೇ. ಕೂತವರೆಲ್ಲರ ಕೈಗೆ ಅದೇ ಸುತ್ತುತ್ತದೆ. ನಮ್ಮಲ್ಲಿ ಒಂದು ಬೀಡಿಯನ್ನು ನಾಲ್ವರು ಸೇದುವಂತೆ. ಈ ಸೊಪ್ಪನ್ನು ಮೊದಲು ಕಂಡವರು ಗುವರಾನಿ ಎಂಬ ಕಾಡಿನ ಜನ. ಸ್ಪೇನಿನವರು ಬಂದು ಅದೇ ಗುವರಾನಿಗಳನ್ನು ಕಾಡಿಗಟ್ಟಿ ಸೊಪ್ಪು ತರಿಸಿದರು. ಜೆಸುಯಿಟ್ ಪಾದ್ರಿಗಳು ತಮ್ಮ ವಸತಿಗಳಲ್ಲಿ ಅದನ್ನು ತೋಟವಾಗಿ ಬೆಳೆಸಿದರು. 1767ರಲ್ಲಿ ಸ್ಪೇನಿನ ದೊರೆ ಪಾದ್ರಿಗಳನ್ನು ಹೊರಗಟ್ಟಿದ ಮೇಲೆ ಆ ತೋಟಗಳು ಹಾಳಾದವು. ಮತ್ತೆ ಕಾಡಿನ ಸೊಪ್ಪೇ ಗತಿಯಾಯಿತು.

ಆ ಕಾಡುಗಳಲ್ಲಿ ದುಡಿದವನಿಗೆ 'ಮೆನ್ಸು' ಎಂದು ಹೆಸರು. ತಿಂಗಳ ಲೆಕ್ಕದ ಆಳು ಎಂದರ್ಥ. ಕಂಗಾಣಿ ನದಿಯ ದಂಡೆಯ ಪೇಟೆಯಲ್ಲಿ ಅವನಿಗೆ ಮುಂಗಡ ಕೊಡುತ್ತಿದ್ದ. ಆ ಮುಂಗಡ ಎರಡು ದಿನದಲ್ಲಿ ಹೆಂಡದಂಗಡಿಗೂ ಬಟ್ಟೆಯಂಗಡಿಗೂ ಹೋಗುತ್ತಿತ್ತು. ಆ ಮೇಲೆ ಕಾಡಿನೊಳಗೆ ಕಂಪನಿಯ ಅಂಗಡಿಯಲ್ಲೇ ಉಪ್ಪು ಹಿಟ್ಟು ಕೊಳ್ಳಬೇಕು, ಬೆಲೆ ಕಂಪನಿ ಹೇಳಿದ್ದು. ಮುಂಗಡ ಎಂದರೇನೆಂದು ಈ ಸಭೆಯಲ್ಲಿ ಕುಳಿತವರಿಗೆ ನಾವು ವಿವರಿಸಬೇಕಾದ್ದಿಲ್ಲ. 1908ರಲ್ಲಿ ರಫಾಯೆಲ್ ಬಾರೆಟ್ ಎಂಬ ಪತ್ರಕರ್ತ ಪರಾಗ್ವೆಯ ಸೊಪ್ಪಿನ ಕಾಡುಗಳ ಸ್ಥಿತಿಯನ್ನು ಸಾಲಾಗಿ ಪತ್ರಿಕೆಯಲ್ಲಿ ಬರೆದ. ಅದೇ ವರ್ಷ ಅವನನ್ನು ಸೆರೆಗೆ ಹಾಕಿ ದೇಶದಿಂದ ಹೊರಗಟ್ಟಿದರು. 2013ರಲ್ಲಿ ಅರ್ಜೆಂಟೀನದ ಸಂಸತ್ತು ಕಾನೂನು ಮಾಡಿ ಮಾತೆಯನ್ನು ರಾಷ್ಟ್ರೀಯ ಪಾನೀಯವೆಂದು ಸಾರಿತು. ಅದರ ದಿನಾಚರಣೆಗೆ ನವೆಂಬರ್ 30 ಗೊತ್ತಾಯಿತು. ಅದು ಪೋರ್ಚುಗೀಸರೊಡನೆ ಹೋರಾಡಿ ಸೆರೆಸಿಕ್ಕ ಗುವರಾನಿ ನಾಯಕ ಅಂದ್ರೆಸಿತೋನ ಹುಟ್ಟಿದ ದಿನ. ಸತ್ತ ವೀರನಿಗೆ ಒಂದು ದಿನ ಕೊಡಲು ಯಾವ ಸರಕಾರಕ್ಕೂ ಖರ್ಚು ಬೀಳುವುದಿಲ್ಲ.

ಇನ್ನು ಇಂಗ್ಲೆಂಡಿಗೆ ಬರೋಣ. ಆಂಗ್ಲನ ಚಹದಷ್ಟು ಪ್ರಸಿದ್ಧವಾದ ರಾಷ್ಟ್ರೀಯ ಅಭ್ಯಾಸ ಮತ್ತೊಂದಿಲ್ಲ. ಆದರೆ ಸೊಪ್ಪು ಚೀನದ್ದು, ಸಕ್ಕರೆ ವೆಸ್ಟ್ ಇಂಡೀಸಿನ ದ್ವೀಪಗಳಲ್ಲಿ ಆಫ್ರಿಕದ ಗುಲಾಮರು ಕಬ್ಬು ಕಡಿದು ಮಾಡಿದ್ದು. ಇಂಗ್ಲೆಂಡಿನದೆಂದರೆ ಹಾಲು ಮತ್ತು ನೀರು. 1784ರವರೆಗೆ ಚಹದ ಮೇಲೆ ನೂರಕ್ಕೆ 119ರಷ್ಟು ಸುಂಕವಿತ್ತು. ಅದನ್ನು ಹನ್ನೆರಡೂವರೆಗೆ ಇಳಿಸಿದ ಮೇಲೆ ಬಡವನ ಮನೆಗೂ ಚಹ ಹೋಯಿತು. ಆಗ ತಾನೆ ಲ್ಯಾಂಕಶೈರಿನಲ್ಲಿ ಹತ್ತಿಯ ಗಿರಣಿಗಳು ಏಳುತ್ತಿದ್ದವು. ಬೆಳಗಿನ ಐದಕ್ಕೆ ಗಿರಣಿಗೆ ಓಡುವ ಹೆಂಗಸಿಗೆ ಅಡಿಗೆಗೆ ಹೊತ್ತಿಲ್ಲ, ಸೌದೆಗೆ ದುಡ್ಡಿಲ್ಲ. ತಂಗಳು ರೊಟ್ಟಿ, ಮೇಲೆ ಸಕ್ಕರೆ ಹಾಕಿದ ಬಿಸಿ ಚಹ, ಅಷ್ಟಕ್ಕೆ ಹೊಟ್ಟೆ ತುಂಬಿದ ಭ್ರಮೆ. ಮಾಲಿಕನಿಗೂ ಇದು ಹಿತವೇ. ಬಿಯರ್ ಕುಡಿದವನ ಕೈ ಯಂತ್ರದ ಮೇಲೆ ತಪ್ಪುತ್ತದೆ, ಚಹ ಕುಡಿದವನ ಕಣ್ಣು ಎಚ್ಚರವಾಗಿರುತ್ತದೆ. ವಿಲಿಯಂ ಕಾಬೆಟ್ ಎಂಬ ಬಡವರ ಪಕ್ಷದ ಲೇಖಕ 1820ರ ಆಚೀಚೆ, ಈ ಚಹ ನಮ್ಮವರ ಶಕ್ತಿಯನ್ನು ಹೀರುತ್ತಿದೆ, ಮನೆಯಲ್ಲಿ ಬಿಯರ್ ಮಾಡಿಕೊಳ್ಳಿರಿ ಎಂದು ಬಹಳ ಕೂಗಿದ. ಕೇಳಿದವರಿಲ್ಲ. ಕೊನೆಗೆ ಎಲ್ಲಿಗೆ ಬಂತೆಂದರೆ ಎರಡನೆಯ ಮಹಾಯುದ್ಧದಲ್ಲಿ 1940ರಿಂದ 1952ರವರೆಗೆ ಚಹಕ್ಕೂ ರೇಷನ್. ಮೊದಲು ಆಳಿಗೆ ವಾರಕ್ಕೆ ಎರಡು ಔನ್ಸು.

ಈ ಎಲ್ಲ ಚಹಕ್ಕೆ ಚೀನದವರು ಬೆಳ್ಳಿ ಕೇಳುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿಗೆ ಬೆಳ್ಳಿ ಕೊಡುವ ಮನಸ್ಸಿಲ್ಲ. ನಮ್ಮ ಬಿಹಾರದ, ಕಾಶಿ ಸೀಮೆಯ ರೈತನಿಂದ ಅಫೀಮು ಬೆಳೆಸಿ, ಕಲಕತ್ತೆಯಲ್ಲಿ ಲಿಲಾವು ಮಾಡಿ, ವರ್ತಕರ ಹಡಗುಗಳಲ್ಲಿ ಕ್ಯಾಂಟನ್ನಿಗೆ ಹೋಗುವಂತೆ ಮಾಡಿತು. ಅಫೀಮಿನಿಂದ ಬಂದ ಬೆಳ್ಳಿಯಲ್ಲಿ ಚಹ ಕೊಂಡಿತು. ಚೀನದ ಸರಕಾರ ಅಫೀಮನ್ನು ತಡೆದಾಗ 1839ರಿಂದ 1842ರವರೆಗೆ ಯುದ್ಧವೇ ಆಯಿತು. ಲಂಡನ್ನಿನ ಚಹದ ಮೇಜಿನ ಕೆಳಗೆ ನಮ್ಮ ರೈತನೂ ಚೀನದ ಅಫೀಮುಗಾರನೂ ಬಿದ್ದಿದ್ದರು.

ಕಂಪನಿಗೆ ಚೀನದ ವ್ಯಾಪಾರದ ಏಕಸ್ವಾಮ್ಯ 1833ರಲ್ಲಿ ಹೋಯಿತು. ಮರುವರ್ಷವೇ ಬೆಂಟಿಂಕ್ ಸಾಹೇಬ, ಹಿಂದುಸ್ತಾನದಲ್ಲಿ ಚಹ ಬೆಳೆಯಬಹುದೇ ನೋಡಿರಿ ಎಂದು ಸಮಿತಿ ನೇಮಿಸಿದ. ಅಸ್ಸಾಮಿನ ಸಿಂಗ್ಫೋ ಜನ ತಮ್ಮ ಕಾಡಿನ ಚಹದ ಎಲೆಯನ್ನು ಮೊದಲಿನಿಂದಲೂ ಬಳಸುತ್ತಿದ್ದರು. ಅದನ್ನು ಸಾಹೇಬರಿಗೆ ತಿಳಿಸಿದವರಲ್ಲಿ ಮಣಿರಾಮರೂ ಒಬ್ಬರು. 1839ರಲ್ಲಿ ಅಸ್ಸಾಂ ಕಂಪನಿ ಹುಟ್ಟಿತು. ಮಣಿರಾಮರು ಅದರ ದಿವಾನರಾದರು. ಕೆಲವು ವರ್ಷಗಳ ಮೇಲೆ ಅದನ್ನು ಬಿಟ್ಟು ಸ್ವಂತ ತೋಟ ಹಾಕಿದರು. ಚಹ ಬೆಳೆಯಲು ನೆಲ ಕೈಗೆತ್ತಿಕೊಂಡ ಮೊದಲ ಭಾರತೀಯ ಅವರು. ಬಿಳಿಯ ತೋಟಗಾರರಿಗೆ ಬಂಜರು ನೆಲ ಹೆಸರಿಗೊಂದು ಗೇಣಿಗೆ ಸಿಗುತ್ತಿತ್ತು, ಇವರಿಗೆ ಅಡಚಣೆ. 1857ರಲ್ಲಿ ಹಳೆಯ ಅಹೋಮ್ ರಾಜಮನೆತನವನ್ನು ಮತ್ತೆ ಪಟ್ಟಕ್ಕೆ ತರಲು ಸಂಚು ಮಾಡಿದರೆಂದು ಹಿಡಿದು, 1858ರ ಫೆಬ್ರವರಿ 26ರಂದು ಜೋರ್ಹಾಟದಲ್ಲೇ ಗಲ್ಲಿಗೇರಿಸಿದರು. ಜೊತೆಗೆ ಪಿಯಲಿ ಬರುವಾ ಎಂಬವರನ್ನೂ. ಮಣಿರಾಮರ ತೋಟಗಳನ್ನು ಲಿಲಾವಿನಲ್ಲಿ ಒಬ್ಬ ಬಿಳಿಯ ತೋಟಗಾರ ಕೊಂಡ. 2012ರ ಉತ್ಸವ ನಡೆದದ್ದೂ ಅದೇ ಜೋರ್ಹಾಟದಲ್ಲಿ ಎಂಬುದು ನೆನಪಿರಲಿ.

ತೋಟಕ್ಕೆ ಆಳು ಬೇಕಾಯಿತು. ಅಸ್ಸಾಮಿನ ರೈತನಿಗೆ ತನ್ನ ಗದ್ದೆ ಇತ್ತು, ಅವನು ಬರಲಿಲ್ಲ. ಛೋಟಾ ನಾಗಪುರದ, ಸಂತಾಲ ಪರಗಣದ, ಒರಿಸ್ಸದ, ಗಂಜಾಮಿನ ಬರಗಾಲದ ಹಳ್ಳಿಗಳಿಗೆ ದಲ್ಲಾಳಿಗಳು ಹೋದರು. ಗಿಡ ಅಲ್ಲಾಡಿಸಿದರೆ ಹಣ ಉದುರುವ ದೇಶವಿದೆ ಎಂದು ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡು ಹಡಗಿಗೆ ತುಂಬಿದರು. 1863ರಿಂದ 1866ರವರೆಗಿನ ಮೂರು ವರ್ಷಗಳಲ್ಲಿ ಸುಮಾರು 85 ಸಾವಿರ ಜನರನ್ನು ಹಾಗೆ ಒಯ್ದರು. ಅವರಲ್ಲಿ 30 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು ಇಲ್ಲವೆ ಕಾಡಿನಲ್ಲಿ ತಪ್ಪಿಸಿಕೊಂಡು ಹೋದರು. ತಪ್ಪಿಸಿಕೊಂಡವನನ್ನು ವಾರಂಟ್ ಇಲ್ಲದೆ ಹಿಡಿಯುವ ಅಧಿಕಾರವನ್ನು 1865ರ ಕಾನೂನು ತೋಟದ ದೊರೆಗೇ ಕೊಟ್ಟಿತು. ಅದೇ ಕಾನೂನು ಗಂಡಸಿಗೆ ತಿಂಗಳಿಗೆ 5 ರೂಪಾಯಿ, ಹೆಂಗಸಿಗೆ 4, ಮಗುವಿಗೆ 3 ಎಂದು ಕೂಲಿ ಗೊತ್ತುಮಾಡಿತು. ಮಗುವಿಗೂ ಕೂಲಿಯ ದರ ಇತ್ತೆಂಬುದನ್ನು ಗಮನಿಸಿರಿ.

1921ರ ಮೇ ತಿಂಗಳಲ್ಲಿ ಚರ್ಗೋಲಾ ಕಣಿವೆಯ ತೋಟಗಳಿಂದ ಸಾವಿರಾರು ಕೂಲಿಗಳು ಗಾಂಧಿಯವರ ಹೆಸರು ಹೇಳುತ್ತ ಹೆಂಡರು ಮಕ್ಕಳೊಡನೆ ಊರಿಗೆ ಹೊರಟುಬಿಟ್ಟರು. ಕೈಯಲ್ಲಿ ಟಿಕೆಟಿಗೆ ದುಡ್ಡಿಲ್ಲ. ಚಾಂದಪುರದ ನಿಲ್ದಾಣದಲ್ಲಿ ಮಲಗಿದ್ದವರ ಮೇಲೆ ಮೇ 20ರ ರಾತ್ರಿ ಗೂರ್ಖಾ ಸಿಪಾಯಿಗಳನ್ನು ಬಿಟ್ಟರು. ಮೇಲಿಂದ ಕಾಲರಾ. ಆಗ ಅವರಿಗಾಗಿ ಹರತಾಳ ಹೂಡಿದವರು ಯಾರೆಂದರೆ ಅಸ್ಸಾಂ-ಬಂಗಾಳ ರೈಲ್ವೆಯ ಕೆಲಸಗಾರರು ಮತ್ತು ಸ್ಟೀಮರಿನ ಖಲಾಸಿಗಳು. ರಾಷ್ಟ್ರೀಯ ಪಾನೀಯದ ಚರಿತ್ರೆ ಯಾರಾದರೂ ಬರೆದರೆ ಈ ಪುಟ ಅದರಲ್ಲಿ ಇರಬೇಕು.

ಇಷ್ಟಾದರೂ ಆ ಚಹವನ್ನು ನಾವು ಕುಡಿಯುತ್ತಿರಲಿಲ್ಲ! ಅದೆಲ್ಲ ಹಡಗು ಹತ್ತಿ ಹೋಗುತ್ತಿತ್ತು. ನಮ್ಮ ಅಜ್ಜಂದಿರಿಗೆ ಮಜ್ಜಿಗೆ, ಅಂಬಲಿ, ಪಾನಕ ಗೊತ್ತಿತ್ತು. ಮಲೆನಾಡಿನ ಕಡೆ ಬಾಬಾ ಬುಡನರು ತಂದರೆಂದು ಜನ ಹೇಳುವ ಕಾಫಿ ಗೊತ್ತಿತ್ತು. ಪರದೇಶದಲ್ಲಿ ಬೆಲೆ ಕುಸಿಯತೊಡಗಿದಾಗ ತೋಟಗಾರರ ಕಣ್ಣು ನಮ್ಮ ಕಡೆ ತಿರುಗಿತು. 1903ರಲ್ಲಿ ಚಹದ ಸೆಸ್ ಕಾನೂನು ಬಂತು. ರಫ್ತಾಗುವ ಚಹದ ಮೇಲೆ ಎತ್ತಿದ ಆ ಹಣದಿಂದ ಪ್ರಚಾರ ನಡೆಯಿತು. ಮನೆಮನೆಗೆ ಹೋಗಿ ಬಿಟ್ಟಿ ಚಹ ಕುಡಿಸಿದರು. ಕಾಸಿಗೊಂದು ಪೊಟ್ಟಣ ಮಾರಿದರು. ರೈಲು ನಿಲ್ದಾಣಗಳಲ್ಲಿ ತಗಡಿನ ಹಲಗೆಗಳ ಮೇಲೆ ಚಹ ಮಾಡುವ ಕ್ರಮವನ್ನು ದೇಶಭಾಷೆಗಳಲ್ಲಿ ಬರೆಸಿದರು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಕಾರ್ಖಾನೆ, ಕಲ್ಲಿದ್ದಲ ಗಣಿ, ಹತ್ತಿಯ ಗಿರಣಿಗಳೊಳಗೆ ಚಹದ ಅಂಗಡಿ ಇಡಿಸಿದರು. ದಣಿದ, ಬಾಯಾರಿದ, ಹೊರಗೆ ಹೋಗಲು ಅಪ್ಪಣೆ ಇಲ್ಲದ ಗಿರಾಕಿ ಇನ್ನೆಲ್ಲಿ ಸಿಕ್ಕಾನು? ಗಿರಣಿಯಲ್ಲಿ ಚಹದ ವಿರಾಮ ಎಂಬುದು ಮಾಲಿಕನ ದಯೆಯಿಂದ ಹುಟ್ಟಿದ್ದಲ್ಲ, ತೋಟಗಾರನ ಲೆಕ್ಕದ ಪುಸ್ತಕದಲ್ಲಿ ಹುಟ್ಟಿದ್ದು. ಅದನ್ನು ಹಕ್ಕಾಗಿ ಮಾಡಿಕೊಂಡವರು ಮಾತ್ರ ನಾವು. 250ಕ್ಕಿಂತ ಹೆಚ್ಚು ಆಳುಗಳಿರುವಲ್ಲಿ ಕ್ಯಾಂಟೀನ್ ಇರಬೇಕೆಂದು 1948ರ ಕಾರ್ಖಾನೆ ಕಾನೂನಿನಲ್ಲಿ ಬಂತು.

ಗಾಂಧಿಯವರು ಚಹ ಬೇಡವೆಂದರು, ಆರೋಗ್ಯದ ಮೇಲೆ ಬರೆದ ತಮ್ಮ ಪುಸ್ತಕದಲ್ಲಿ ಅದರ ಟ್ಯಾನಿನ್ ಕೆಡುಕೆಂದು ಹೇಳಿದರು. ಬಂಗಾಳದ ರಸಾಯನಶಾಸ್ತ್ರಜ್ಞ ಪ್ರಫುಲ್ಲಚಂದ್ರ ರಾಯರೂ ಹಾಗೆಯೇ ಹೇಳಿದರು. ಪ್ರಚಾರದವರು ಸೋಲಲಿಲ್ಲ. 1947ರಲ್ಲಿ ಅನ್ನದಾ ಮುನ್ಶಿ ಎಂಬ ಚಿತ್ರಕಾರರಿಂದ ಒಂದು ಭಿತ್ತಿಪತ್ರ ಬರೆಸಿದರು. ಅದರಲ್ಲಿ ಚರಕದ ಮುಂದೆ ಕುಳಿತ ಹೆಂಗಸು, ಕೈಯಲ್ಲಿ ಚಹದ ಬಟ್ಟಲು, ಕೆಳಗೆ ಚಹ ನೂರಕ್ಕೆ ನೂರು ಸ್ವದೇಶಿ ಎಂಬ ಬರಹ. ಹೀಗೆ ಗಾಂಧಿಯವರ ಚರಕವನ್ನೇ ಗಾಂಧಿಯವರು ಬೇಡವೆಂದ ವಸ್ತುವಿಗೆ ಜಾಹೀರಾತು ಮಾಡಿದರು. ವ್ಯಾಪಾರದ ಬುದ್ಧಿಗೆ ನಮಸ್ಕಾರ ಹೇಳಲೇಬೇಕು.

ಆದರೆ ಒಂದು ಕಡೆ ಅವರ ಮಾತು ನಡೆಯಲಿಲ್ಲ. ಅವರ ಹಲಗೆಯ ಮೇಲೆ ಇದ್ದದ್ದು ಬೇರೆ: ಸೊಪ್ಪನ್ನು ಕಿತ್ತಲಿಯಲ್ಲಿ ಹಾಕಿ, ಕುದಿವ ನೀರು ಹೊಯ್ದು, ಮುಚ್ಚಿಟ್ಟು, ಹನಿ ಹಾಲು ಬೆರೆಸಿರಿ. ನಮ್ಮ ರಸ್ತೆಯ ಚಹದವನು ಅದನ್ನು ಓದಲೇ ಇಲ್ಲ. ಹಾಲು, ಸಕ್ಕರೆ, ಶುಂಠಿ, ಏಲಕ್ಕಿ ಎಲ್ಲ ಸುರಿದು ಸೊಪ್ಪಿನೊಡನೆ ಕುದಿಸಿಬಿಟ್ಟ. ಪ್ರಚಾರದ ಅಧಿಕಾರಿಗಳಿಗೆ ಸಿಟ್ಟು ಬಂತು. ಮಸಾಲೆ, ಹಾಲು ಹೆಚ್ಚಾದರೆ ಸೊಪ್ಪು ಕಡಿಮೆ ಸಾಕಲ್ಲ! 1930ರ ಸುಮಾರಿಗೆ ಅಸ್ಸಾಮಿನಲ್ಲಿ ಸೊಪ್ಪನ್ನು ಹಿಸುಕಿ, ಹರಿದು, ಸುರುಳಿ ಮಾಡುವ ಸಿ.ಟಿ.ಸಿ. ಎಂಬ ಯಂತ್ರ ಬಂತು. ಸ್ವಾತಂತ್ರ್ಯದ ನಂತರ ಅದು ಎಲ್ಲೆಡೆ ಹರಡಿತು. ಅದರ ಕಾಳು ಅಗ್ಗ, ಬಣ್ಣ ಗಾಢ, ಹಾಲಿಗೂ ಮಸಾಲೆಗೂ ಸೋಲದ ಕಡಕ್ಕು. ಆಗ ಬಡವನ ಚಹ ನಿಜಕ್ಕೂ ದೇಶವ್ಯಾಪಿಯಾಯಿತು. ಇಂದು ವರ್ಷಕ್ಕೆ 130 ಕೋಟಿ ಕಿಲೋ ಆಸುಪಾಸು ಬೆಳೆಯುವ ಚಹದಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚನ್ನು ನಾವೇ ಕುಡಿಯುತ್ತೇವೆ. ಚಹವನ್ನು ನಮ್ಮದನ್ನಾಗಿ ಮಾಡಿದವನು ಮಂತ್ರಿಯಲ್ಲ, ತೋಟಗಾರನಲ್ಲ. ಒಲೆಯ ಮುಂದೆ ಕುಳಿತ ಚಹದಂಗಡಿಯವನು. ಅವನಿಗೆ ಬೇಕಾದರೆ ಯಾವ ಬಿರುದು ಕೊಟ್ಟರೂ ಸಲ್ಲುತ್ತದೆ.

ಆದರೆ 'ನಮ್ಮದು' ಎನ್ನುವಾಗ ಯಾರ್ಯಾರು? ಬ್ರಿಟಿಷರ ಕಾಲದ ನಿಲ್ದಾಣಗಳಲ್ಲಿ ಹಿಂದೂ ಚಹ, ಮುಸಲ್ಮಾನ ಚಹ ಎಂದು ಬೇರೆಬೇರೆ ಮಾರುತ್ತಿದ್ದರು. ಕೆಂಪು ಕೋಟೆಯ ವಿಚಾರಣೆಯ ದಿನಗಳಲ್ಲಿ ಆಜಾದ್ ಹಿಂದ್ ಫೌಜಿನ ಸೆರೆಯಾಳುಗಳಿಗೂ ಹೀಗೆ ಎರಡು ಚಹ ಬರುತ್ತಿತ್ತು. ಗಾಂಧಿಯವರು ನೋಡಲು ಹೋದಾಗ ಅವರು, ನಾವು ಎರಡನ್ನೂ ಬೆರೆಸಿ ಸಮನಾಗಿ ಹಂಚಿಕೊಂಡು ಕುಡಿಯುತ್ತೇವೆ ಎಂದರಂತೆ. ಅದು ಸೆರೆಮನೆಯೊಳಗಿನ ಮಾತು. ಹೊರಗೆ ನಮ್ಮ ಹಳ್ಳಿಗಳ ಚಹದಂಗಡಿಯಲ್ಲಿ ದಲಿತನಿಗೆಂದು ಬೇರೆ ಲೋಟ ಇಡುವುದು 1955ರಿಂದ ಅಪರಾಧವಾಗಿದೆ. ಆ ಲೋಟ ಎಲ್ಲೆಲ್ಲಿ ಹೋಗಿದೆ, ಎಲ್ಲೆಲ್ಲಿ ಪ್ಲಾಸ್ಟಿಕ್ಕಿನ ಲೋಟದ ವೇಷದಲ್ಲಿ ಉಳಿದಿದೆ ಎಂಬುದನ್ನು ಇಲ್ಲಿ ಕುಳಿತವರೇ ಬಲ್ಲರು.

ವ್ಯಾಪಾರಿ ಮಿತ್ರರಿದ್ದಾರೆ, ಒಂದು ಲೆಕ್ಕ ಹಾಕೋಣ. ಅಸ್ಸಾಮಿನ ಅನೇಕ ತೋಟಗಳಲ್ಲಿ ದಿನಗೂಲಿ ಪೂರ್ತಿ ಸಿಗಬೇಕಾದರೆ ಹೆಂಗಸು 24 ಕಿಲೋದಷ್ಟು ಹಸಿ ಸೊಪ್ಪು ಕೀಳಬೇಕು. ಸುಮಾರು ನಾಲ್ಕೂವರೆ ಕಿಲೋ ಹಸಿ ಸೊಪ್ಪಿಗೆ ಒಂದು ಕಿಲೋ ಚಹ ಬರುತ್ತದೆ. ಹಾಗಾದರೆ ಅವಳ ಒಂದು ದಿನದ ದುಡಿಮೆ ಐದು ಕಿಲೋ ಚಹ. ಬಟ್ಟಲಿಗೆ ಎರಡು ಗ್ರಾಮಿನಂತೆ 2,500 ಬಟ್ಟಲು. 2023ರ ಅಕ್ಟೋಬರಿನಲ್ಲಿ ಬ್ರಹ್ಮಪುತ್ರಾ ಕಣಿವೆಯ ದಿನಗೂಲಿಯನ್ನು 250 ರೂಪಾಯಿಗೆ, ಬರಾಕ್ ಕಣಿವೆಯದನ್ನು 228ಕ್ಕೆ ಏರಿಸಿದರು. 250ನ್ನು 2,500ರಿಂದ ಭಾಗಿಸಿರಿ. ಬಟ್ಟಲಿಗೆ ಹತ್ತು ಪೈಸೆ. ರೇಷನ್ನು, ಮನೆ ಇವು ಬೇರೆ ಕೊಡುತ್ತೇವೆಂದು ಮಾಲಿಕರು ಹೇಳುತ್ತಾರೆ, ಗಿಡ ಸವರುವ, ಕಾರ್ಖಾನೆಯಲ್ಲಿ ದುಡಿಯುವ ಕೈಗಳ ಕೂಲಿ ಬೇರೆ ಇದೆ, ಒಪ್ಪೋಣ. ಅದನ್ನೆಲ್ಲ ಸೇರಿಸಿ ದುಪ್ಪಟ್ಟು ಮಾಡಿದರೂ ಅಂಗಡಿಯವನು ಸಕ್ಕರೆಗೆ ಕೊಡುವಷ್ಟೂ ಆಗುವುದಿಲ್ಲ. ಅಂಗಡಿಯವನು ದುಡ್ಡು ಹೊಡೆದನೆಂದು ನಾವು ಹೇಳುತ್ತಿಲ್ಲ. ಅವನ ಹಾಲು, ಗ್ಯಾಸು, ಬಾಡಿಗೆ ನಮಗೆ ಗೊತ್ತಿದೆ. ದೇಶದ ಸೊಪ್ಪಿನಲ್ಲಿ ಅರ್ಧದಷ್ಟನ್ನು ಇಂದು ಬೆಳೆಯುವ ಸಣ್ಣ ಹಿಡುವಳಿಗಾರನೂ ಕಾರ್ಖಾನೆಯವನು ಹೇಳಿದ ಬೆಲೆಗೇ ಸೊಪ್ಪು ಸುರಿದು ಬರುತ್ತಾನೆ.

ಕಾಫಿಯ ಕಡೆಯದೂ ಒಂದು ಮಾತಿದೆ, ಅದು ನಮ್ಮ ನಾಡಿನದೇ. ಕಾಫಿಯ ಬೆಲೆ ಬಿದ್ದಾಗ ಚಹದವರಂತೆ ಇವರಿಗೂ 1935ರಲ್ಲಿ ಸೆಸ್ ಕಾನೂನು ಆಯಿತು. ಪ್ರಚಾರಕ್ಕಾಗಿ ಇಂಡಿಯಾ ಕಾಫಿ ಹೌಸುಗಳನ್ನು ತೆರೆದರು. ಮುಂದೆ ಅವನ್ನು ಕಾಫಿ ಬೋರ್ಡು ನಡೆಸಿತು. 1950ರ ದಶಕದ ನಡುವೆ ಬೋರ್ಡು ಅವನ್ನು ಮುಚ್ಚಿ ಕೆಲಸಗಾರರನ್ನು ಮನೆಗೆ ಕಳಿಸಲು ಹೊರಟಿತು. ಪೇಟ ಕಟ್ಟಿ ಬಟ್ಟಲು ಹೊರುತ್ತಿದ್ದ ಆ ಕೆಲಸಗಾರರು ಎ.ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ, ಮುಚ್ಚುವುದಾದರೆ ನಮಗೆ ಕೊಡಿರಿ, ನಾವೇ ನಡೆಸುತ್ತೇವೆ ಎಂದರು. 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಕಾಫಿ ಕೆಲಸಗಾರರ ಮೊದಲ ಸಹಕಾರ ಸಂಘ ಹುಟ್ಟಿತು. ಆ ಮೇಲೆ ದಿಲ್ಲಿ, ಕೇರಳ, ಬೇರೆ ಊರುಗಳು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯ ಕಾಫಿ ಹೌಸು 2009ರಲ್ಲಿ ಆ ಕಟ್ಟಡ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ಬೋರ್ಡು ನಷ್ಟವೆಂದು ಕೈಬಿಟ್ಟದ್ದನ್ನು ಬಟ್ಟಲು ತೊಳೆಯುವವರು ಐವತ್ತು ವರ್ಷ ಅಲ್ಲಿ ನಡೆಸಿದ್ದರು.

ಹಾಗಾದರೆ ಚಹ ಬಿಡಬೇಕೆ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳುತ್ತಿದ್ದಾರೆ. ಬೇಡ. ಸಭೆ ಮುಗಿದ ಮೇಲೆ ನಾವೂ ಕುಡಿಯುವವರೇ. ಆದರೆ ಮುನ್ನಾರಿನ ಹೆಂಗಸರ ಸಂಗತಿ ಒಂದು ಉಳಿದಿದೆ, ಅದನ್ನು ಹೇಳಿ ಮುಗಿಸುತ್ತೇವೆ.

2015ರ ಸೆಪ್ಟೆಂಬರ್. ಕೇರಳದ ಮುನ್ನಾರಿನ ಚಹ ತೋಟಗಳಲ್ಲಿ ಬೋನಸ್ಸನ್ನು ನೂರಕ್ಕೆ ಹತ್ತಕ್ಕೆ ಇಳಿಸಿದರು. ಸೊಪ್ಪು ಕೀಳುವ ಸಾವಿರಾರು ಹೆಂಗಸರು, ಹೆಚ್ಚಿನವರು ತಮಿಳು ಮಾತಿನವರು, ಗುಡ್ಡ ಇಳಿದು ಬಂದು ಪೇಟೆಯ ರಸ್ತೆಯ ಮೇಲೆ ಕುಳಿತರು. ತಮ್ಮ ಕೂಟಕ್ಕೆ 'ಪೆಂಬಿಳೈ ಒರುಮೈ' ಎಂದು ಹೆಸರಿಟ್ಟರು. ಹೆಂಗಸರ ಒಗ್ಗಟ್ಟು ಎಂದರ್ಥ. ಅಲ್ಲಿ ಸಂಘಗಳಿರಲಿಲ್ಲವೇ? ಇದ್ದವು, ಎಲ್ಲ ಬಣ್ಣದ ಬಾವುಟದವೂ ಇದ್ದವು. ಆ ಸಂಘಗಳ ಮುಖಂಡರು ವೇದಿಕೆ ಹತ್ತಲು ಬಂದಾಗ ಈ ಹೆಂಗಸರು ಅವರನ್ನು ಹತ್ತಿರ ಸೇರಿಸಲಿಲ್ಲ. ಬುಟ್ಟಿ ಹೊರುವವರು ನಾವು, ನಮ್ಮ ಪರವಾಗಿ ಮಾತಾಡುವವರು ಗಂಡಸರು, ಒಪ್ಪಂದಕ್ಕೆ ಸಹಿ ಹಾಕುವವರೂ ಅವರೇ ಎಂಬುದು ಅವರ ಆಕ್ಷೇಪಣೆ. ಸಂಘ ಕಟ್ಟುವ ನಮ್ಮಂಥವರಿಗೆ ಇದು ಸಿಹಿಯಾದ ಮಾತಲ್ಲ. ಆದರೂ ಈ ಸಭೆಯಲ್ಲಿ ಹೇಳದೆ ಇರಲಾರೆವು. ನಮ್ಮ ಗಿರಣಿಯ ನೂಲಿನ ಖಾತೆಯಲ್ಲಿ ಎಷ್ಟು ಹೆಂಗಸರಿದ್ದಾರೆ, ಸಂಘದ ಕಾರ್ಯಕಾರಿಯಲ್ಲಿ ಎಷ್ಟು ಮಂದಿ ಇದ್ದಾರೆ, ನೋಡಿಕೊಳ್ಳಿರಿ. ಒಂಬತ್ತು ದಿನ ಅವರು ರಸ್ತೆ ಬಿಡಲಿಲ್ಲ. ಕೊನೆಗೆ ಬೋನಸ್ಸು ಮತ್ತು ಸಹಾಯಧನ ಸೇರಿ ನೂರಕ್ಕೆ 20 ದೊರೆಯಿತು. ದಿನಗೂಲಿಯ ಮಾತು ಮತ್ತೆ ಒಂದು ತಿಂಗಳು ಎಳೆಯಿತು. ಅಕ್ಟೋಬರಿನಲ್ಲಿ 232 ರೂಪಾಯಿ ಇದ್ದದ್ದು 301 ಆಯಿತು. ಅವರು ಕೇಳಿದ್ದು 500.